ಎರಡು ವರ್ಷ ಆಡಿದವರು ಆಮೇಲೆ ಎಲ್ಲಿಗೆ ಹೋದರು?

"ಮೇಡಂ, ಸ್ಕಾಲರ್‌ಶಿಪ್ ಎಷ್ಟು ಸಿಗುತ್ತೆ?"

ಆಟ ಆಡುವ ಮಕ್ಕಳನ್ನು ಕರೆದುಕೊಂಡು ಬರುವ ಅಪ್ಪ ಅಮ್ಮ ಕೇಳುವ ಮೊದಲ ಪ್ರಶ್ನೆ ಇದು. ಉತ್ತರ ಸೊನ್ನೆ. ಕ್ಯಾಲಿಫೋರ್ನಿಯಾದ ಕಮ್ಯುನಿಟಿ ಕಾಲೇಜುಗಳು, ಅಂದರೆ ಹೈಸ್ಕೂಲ್ ಆದ ಮೇಲೆ ಎರಡು ವರ್ಷ ಓದಿ ನಾಲ್ಕು ವರ್ಷದ ಕಾಲೇಜಿಗೆ ದಾಟಬಹುದಾದ ಕಾಲೇಜುಗಳು, ಆಟ ನೋಡಿ ಸ್ಕಾಲರ್‌ಶಿಪ್ ಕೊಡುವ ಹಾಗೇ ಇಲ್ಲ. ಇಲ್ಲಿನ ಕಾಲೇಜು ಆಟಗಳನ್ನು ನಡೆಸುವ ಸಿಸಿಸಿಎಎ ಎಂಬ ಸಂಘದ ನಿಯಮ ಅದು. ಟೆಕ್ಸಾಸ್, ಕಾನ್ಸಾಸ್ ಕಡೆಯ ಕಾಲೇಜುಗಳು ಎನ್‌ಜೆಸಿಎಎ ಎಂಬ ಬೇರೆ ಸಂಘಕ್ಕೆ ಸೇರಿವೆ. ಅಲ್ಲಿ ಡಿವಿಷನ್ 1ರಲ್ಲಿ ಫೀಸು, ಊಟ, ವಸತಿ ಎಲ್ಲ ಕೊಡಬಹುದು. 2ರಲ್ಲಿ ಫೀಸು, ಪುಸ್ತಕದವರೆಗೆ. 3ರಲ್ಲಿ ಏನೂ ಇಲ್ಲ. ನಿಮ್ಮ ಡಲ್ಲಾಸ್ ನೆಂಟರ ಮಗನಿಗೆ ಸಿಕ್ಕಿದ್ದೂ ನಿಜ, ಇಲ್ಲಿ ಸಿಗದಿರುವುದೂ ನಿಜ. ಕ್ಯಾಲಿಫೋರ್ನಿಯಾದ ನಿವಾಸಿಗಳಿಗೆ ಒಂದು ಯೂನಿಟ್‌ಗೆ (ಕ್ಲಾಸಿನ ತೂಕ ಅಳೆಯುವ ಕ್ರೆಡಿಟ್) ಫೀಸು 46 ಡಾಲರ್ ಮಾತ್ರ. ಆದಾಯ ಕಡಿಮೆ ಇದ್ದರೆ ಅದೂ ಮಾಫಿ ಆಗುತ್ತದೆ. ಹಾಗಾಗಿ ಈ ಮಾತನ್ನು ಇಲ್ಲಿಗೇ ಬಿಡೋಣ.

ನಾನು ಸ್ಯಾನ್ ಫ್ರಾನ್ಸಿಸ್ಕೋ ಬೇ ಏರಿಯಾದ ಒಂದು ಕಮ್ಯುನಿಟಿ ಕಾಲೇಜಿನಲ್ಲಿ ಕೌನ್ಸೆಲರ್. ತಂಡಗಳಲ್ಲಿ ಆಡುವ ಮಕ್ಕಳು ಯಾವ ಕ್ಲಾಸ್ ತೆಗೆದುಕೊಳ್ಳಬೇಕು ಎಂದು ಕೂತು ಪ್ಲಾನ್ ಹಾಕಿಕೊಡುವುದು ನನ್ನ ಕೆಲಸ. ಕನ್ನಡದವರು ಅಂತ ಗೊತ್ತಾದ ಮೇಲೆ ಫ್ರೀಮಾಂಟ್, ಸ್ಯಾನ್ ರಮೋನ್, ಕ್ಯುಪರ್ಟಿನೊ ಕಡೆಯ ನಮ್ಮವರು ಯುಗಾದಿ ಕಾರ್ಯಕ್ರಮದ ಊಟದ ಸಾಲಿನಲ್ಲೂ ಹಿಡಿದು ಕೇಳುತ್ತಾರೆ. ಎರಡನೇ ಪ್ರಶ್ನೆ, ಟೀಮ್ ಎಷ್ಟು ಮ್ಯಾಚ್ ಗೆದ್ದಿದೆ. ಮೂರನೆಯದು, ಜಿಮ್ ಹೇಗಿದೆ, ಟರ್ಫ್ ಹೊಸದಾ. ಎರಡು ವರ್ಷ ಇಲ್ಲಿ ಆಡಿದವರು ಆಮೇಲೆ ಎಲ್ಲಿಗೆ ಹೋದರು, ಎಷ್ಟು ಯೂನಿಟ್ ಜೊತೆಗೆ ಒಯ್ದರು ಅಂತ ಮಾತ್ರ ಯಾರೂ ಕೇಳುವುದಿಲ್ಲ. ನನಗೆ ಸಿಟ್ಟು ಬರುವುದು ಅಲ್ಲೇ.

ಕಮ್ಯುನಿಟಿ ಕಾಲೇಜಿನಲ್ಲಿ ಆಡಲು ಸಿಗುವುದು ಎರಡೇ ಸೀಸನ್. ತಂಡಕ್ಕೆ ಸೇರಿದ ದಿನದಿಂದಲೇ ಹೊರಡುವ ಲೆಕ್ಕ ಶುರು. ಆ ಲೆಕ್ಕ ನಡೆಯುವುದು ಯೂನಿಟ್‌ನಲ್ಲಿ. ಇದನ್ನು ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ, ಬೇಜಾರಾದರೂ ಓದಿ.

ಸೆಮಿಸ್ಟರ್ ಕಾಲೇಜಿನ ಲೆಕ್ಕವನ್ನೇ ಹಿಡಿಯೋಣ. (ಫುಟ್‌ಹಿಲ್, ಡಿ ಆಂಜಾ ಕಾಲೇಜುಗಳು ಕ್ವಾರ್ಟರ್ ಪದ್ಧತಿಯವು, ಅಂದರೆ ಸೆಮಿಸ್ಟರ್‌ಗಿಂತ ಚಿಕ್ಕ ಅವಧಿಯವು. ಅಲ್ಲಿನ ಯೂನಿಟ್‌ಗೆ ತೂಕ ಕಡಿಮೆ, ಇದರ ಜೊತೆ ಕಲಸಬೇಡಿ.) ಆಡುವ ಸೀಸನ್‌ನಲ್ಲಿ ಹುಡುಗ ಕನಿಷ್ಠ 12 ಯೂನಿಟ್‌ನಲ್ಲಿ ಇರಬೇಕು. ಅದರಲ್ಲಿ 9 ಓದಿನ ಯೂನಿಟ್ ಆಗಿರಬೇಕು. ಎರಡನೇ ಸೀಸನ್ ಆಡಬೇಕಾದರೆ ಒಟ್ಟು 24 ಯೂನಿಟ್ ಪಾಸಾಗಿರಬೇಕು, ಜಿಪಿಎ 2.0 ಇರಬೇಕು. ಇದು ಮೈದಾನಕ್ಕೆ ಇಳಿಯಲು ಬೇಕಾದ ಅರ್ಹತೆ. ಇಷ್ಟೇ. "ಎಲಿಜಿಬಲ್ ಇದ್ದಾನೆ" ಅಂತ ಕೋಚ್ ಹೇಳಿದರೆ ಅದರ ಅರ್ಥ ಈ ಶನಿವಾರ ಆಡಬಹುದು ಅಂತ. ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾದ (ಯುಸಿ) ಡೇವಿಸ್ ಕ್ಯಾಂಪಸ್‌ಗೆ ಹೋಗಬಹುದು ಅಂತ ಅಲ್ಲ. ಮನೆಯವರು ಮಾತ್ರ ಆ ಪದ ಕಿವಿಗೆ ಬಿದ್ದ ಕೂಡಲೇ ನಿಶ್ಚಿಂತರಾಗಿಬಿಡುತ್ತಾರೆ.

ಆಟವೂ ಇಲ್ಲಿ ಒಂದು ಕ್ಲಾಸು. ಸಾಕರ್ ಟೀಮ್‌ಗೆ ಸೇರಿದರೆ ಅದಕ್ಕೇ ಯೂನಿಟ್ ಸಿಗುತ್ತದೆ. ಸೀಸನ್ ಮುಗಿದ ಮೇಲೆ ಕಂಡೀಷನಿಂಗ್ ಕ್ಲಾಸು, ಅದಕ್ಕೂ ಯೂನಿಟ್. ವೇಟ್ ಟ್ರೈನಿಂಗ್‌ಗೂ ಉಂಟು. ಇವನ್ನೆಲ್ಲ ಸೇರಿಸಿದರೆ ಟ್ರಾನ್ಸ್‌ಕ್ರಿಪ್ಟ್ (ಅಂಕಪಟ್ಟಿ) ದಪ್ಪ ಕಾಣುತ್ತದೆ. ಆದರೆ ಇಂಥ ಮೈದಾನದ ಕ್ಲಾಸುಗಳಲ್ಲಿ ಯುಸಿ ಲೆಕ್ಕಕ್ಕೆ ಹಿಡಿಯುವುದು ಹೆಚ್ಚೆಂದರೆ 4 ಸೆಮಿಸ್ಟರ್ ಯೂನಿಟ್. ನಾಲ್ಕು ವರ್ಷದ ಕಾಲೇಜುಗಳ ಆಟ ನಡೆಸುವ ಎನ್‌ಸಿಎಎ ಸಂಘದ ಮೇಲಿನ ದರ್ಜೆಯಾದ ಡಿವಿಷನ್ 1ರ ಟ್ರಾನ್ಸ್‌ಫರ್ ನಿಯಮದಲ್ಲಿ ಎರಡೇ. ಉಳಿದದ್ದು ಬೆವರಿನ ಲೆಕ್ಕಕ್ಕೆ ಹೋಯಿತು.

ಉಳಿದ ಓದಿನ ಯೂನಿಟ್‌ಗಳೂ ಒಂದೇ ತರ ಅಲ್ಲ. ಕೆಲವು ಕ್ಲಾಸು ಕಮ್ಯುನಿಟಿ ಕಾಲೇಜಿನ ಡಿಗ್ರಿಗೆ ನಡೆಯುತ್ತವೆ, ಮುಂದಿನ ಕಾಲೇಜಿಗೆ ನಡೆಯುವುದಿಲ್ಲ. ಇನ್ನು ಕೆಲವು ಮುಂದಿನ ಕಾಲೇಜಿಗೆ ಹೋಗುತ್ತವೆ, ಆದರೆ ನಿಮ್ಮ ಮಗನ ಮೇಜರ್‌ಗೆ (ಡಿಗ್ರಿಯ ಮುಖ್ಯ ವಿಷಯಕ್ಕೆ) ಬೇಕಾಗುವುದಿಲ್ಲ. ಯುಸಿಗೆ ಜೂನಿಯರ್ ಆಗಿ, ಅಂದರೆ ಮೂರನೇ ವರ್ಷಕ್ಕೆ, ಸೇರಲು ಟ್ರಾನ್ಸ್‌ಫರ್ ಆಗುವ 60 ಯೂನಿಟ್ ಬೇಕು. ಡಿವಿಷನ್ 1ರಲ್ಲಿ ಮೂರನೇ ವರ್ಷಕ್ಕೆ ಕಾಲಿಡುವವನು ತನ್ನ ಡಿಗ್ರಿಯ ಶೇ. 40 ಮುಗಿಸಿರಬೇಕು. 120 ಯೂನಿಟ್‌ನ ಡಿಗ್ರಿ ಅಂದರೆ 48. ಯಾವುದೋ 48 ಅಲ್ಲ, ಅವನು ಆರಿಸಿಕೊಂಡ ಆ ಡಿಗ್ರಿಗೇ ಸೇರುವ 48. ಇದನ್ನು ಎಷ್ಟು ಸಲ ಹೇಳಿದರೂ "ಅವನದು ಅರವತ್ತು ದಾಟಿದೆಯಲ್ಲ ಮೇಡಂ" ಅಂತಾರೆ. ದಾಟಿದೆ, ಸರಿ. ಎಲ್ಲಿಗೆ ದಾಟಿದೆ?

ಒಬ್ಬ ಹುಡುಗ ಬೇರೆ ಕಾಲೇಜಿನಲ್ಲಿ ಎರಡು ಸೀಸನ್ ಮಿಡ್‌ಫೀಲ್ಡ್ ಆಡಿ ನನ್ನ ಹತ್ತಿರ ಬಂದ. ಹಾಸನ ಕಡೆಯ ಮನೆಯವರು, ಹುಡುಗ ಹುಟ್ಟಿದ್ದು ಇಲ್ಲೇ. ಆಟ ಚೆನ್ನಾಗಿತ್ತು. ಒಂದು ಡಿವಿಷನ್ 1 ಕೋಚ್ ಅವನ ಟ್ರಾನ್ಸ್‌ಕ್ರಿಪ್ಟ್ ಕೇಳಿದ್ದರು. ಅವನಿಗೆ ಸಿವಿಲ್ ಎಂಜಿನಿಯರಿಂಗ್ ಬೇಕು. ಪ್ರ್ಯಾಕ್ಟೀಸ್ ಮಧ್ಯಾಹ್ನ, ಫಿಸಿಕ್ಸ್ ಲ್ಯಾಬ್ ಕೂಡ ಮಧ್ಯಾಹ್ನ. ಹಾಗಾಗಿ ಸೆಮಿಸ್ಟರ್‌ ಮೇಲೆ ಸೆಮಿಸ್ಟರ್ ಫಿಸಿಕ್ಸ್ ಮುಂದಕ್ಕೆ ಹೋಗಿತ್ತು. ಕ್ಯಾಲ್ಕುಲಸ್ ಮೊದಲನೆಯದಕ್ಕೇ ನಿಂತಿತ್ತು. ಬದಲಿಗೆ ಬೆಳಗಿನ ಹೊತ್ತಿಗೆ ಹೊಂದುವ ಯಾವ್ಯಾವುದೋ ಕ್ಲಾಸು. ಯಾರೂ ಅವನಿಗೆ ಮೋಸ ಮಾಡಿರಲಿಲ್ಲ. ಯಾರೂ ಮುಂದಿನದನ್ನು ನೋಡಿರಲಿಲ್ಲ, ಅಷ್ಟೇ. ಎಂಜಿನಿಯರಿಂಗ್ ಹಿಡಿದರೆ ಶೇ. 40 ಆಗುವುದಿಲ್ಲ. ಆಟ ಹಿಡಿದರೆ ಮೇಜರ್ ಬದಲಿಸಬೇಕು. ಅವನು ಇನ್ನೊಂದು ವರ್ಷ ಇಲ್ಲೇ ಉಳಿದು ಫಿಸಿಕ್ಸ್ ಮುಗಿಸಿ, ಆಟ ಬಿಟ್ಟು, ಎಂಜಿನಿಯರಿಂಗ್‌ಗೆ ಹೋದ. ಒಳ್ಳೆಯ ನಿರ್ಧಾರ ಅಂತಲೇ ನನ್ನ ಅಭಿಪ್ರಾಯ. ಆದರೆ ಎರಡೂ ಸಿಗಬಹುದಿತ್ತಲ್ಲ ಅನ್ನುವುದು ಅವನ ಅಮ್ಮನ ಸಂಕಟ, ನನ್ನದೂ.

ಆದ್ದರಿಂದ ಕಾಲೇಜು ನೋಡಲು ಹೋದಾಗ ಮಗನ ಮೇಜರ್‌ನ ಲ್ಯಾಬ್ ಯಾವ ಹೊತ್ತಿಗೆ ಇದೆ, ತಂಡದ ಪ್ರ್ಯಾಕ್ಟೀಸ್ ಯಾವ ಹೊತ್ತಿಗೆ ಇದೆ ಅಂತ ಎರಡು ಟೈಮ್‌ಟೇಬಲ್ ಪಕ್ಕಪಕ್ಕ ಇಟ್ಟು ನೋಡಿ. ಯಾವ ಕ್ಲಾಸ್ ಯಾವ ಯುಸಿಗೆ, ಯಾವ ಸಿಎಸ್‌ಯುಗೆ (ಕ್ಯಾಲಿಫೋರ್ನಿಯಾ ಸ್ಟೇಟ್ ಯೂನಿವರ್ಸಿಟಿ) ನಡೆಯುತ್ತದೆ ಅಂತ ಅಸಿಸ್ಟ್ ಡಾಟ್ ಆರ್ಗ್‌ನಲ್ಲಿ ಬಿಟ್ಟಿ ಸಿಗುತ್ತದೆ. ಅದನ್ನು ನೋಡದೆ ರಿಕ್ರೂಟಿಂಗ್ ಏಜೆಂಟರಿಗೆ ಸಾವಿರಾರು ಡಾಲರ್ ಸುರಿಯುವವರನ್ನು ಕಂಡರೆ ನನಗೆ ಏನು ಹೇಳಬೇಕೋ ತಿಳಿಯುವುದಿಲ್ಲ.

"ಆರನ್ ರಾಜರ್ಸ್ ಕೂಡ ಕಮ್ಯುನಿಟಿ ಕಾಲೇಜಿನಿಂದಲೇ ಬಂದವರು ಅಲ್ವಾ" ಅಂತ ಹುಡುಗರು ಹೇಳುತ್ತಾರೆ. ಹೌದು, ಅಮೆರಿಕನ್ ಫುಟ್‌ಬಾಲ್‌ನ ಆ ದೊಡ್ಡ ಆಟಗಾರ. ಕ್ಯಾಲಿಫೋರ್ನಿಯಾದ ಚಿಕೋ ಊರಿನ ಹುಡುಗ, ದೊಡ್ಡ ಕಾಲೇಜುಗಳು ಸ್ಕಾಲರ್‌ಶಿಪ್ ಕೊಡಲಿಲ್ಲ, 2002ರಲ್ಲಿ ಹತ್ತಿರದ ಬ್ಯೂಟ್ ಕಾಲೇಜಿಗೆ ಆಡಿದರು. ಯುಸಿ ಬರ್ಕ್ಲಿಯ ಕೋಚ್ ಜೆಫ್ ಟೆಡ್‌ಫರ್ಡ್ ಅದೇ ತಂಡದ ಇನ್ನೊಬ್ಬ ಆಟಗಾರನನ್ನು ನೋಡಲು ಬಂದು ಇವರನ್ನು ಕಂಡರು. ಕತೆ ಹೇಳುವವರು ಇಲ್ಲಿಗೆ ನಿಲ್ಲಿಸುತ್ತಾರೆ. ಮುಂದಿನದು ನನಗೆ ಮುಖ್ಯ. ರಾಜರ್ಸ್ ಎರಡು ವರ್ಷ ಕಾಯದೆ ಒಂದೇ ವರ್ಷಕ್ಕೆ ಬರ್ಕ್ಲಿಗೆ ಹೋಗಲು ಸಾಧ್ಯವಾಗಿದ್ದು ಹೈಸ್ಕೂಲಿನ ಅಂಕಗಳು ಚೆನ್ನಾಗಿದ್ದದ್ದಕ್ಕೆ. ಎನ್‌ಸಿಎಎ ಭಾಷೆಯಲ್ಲಿ ಅಂಥವರು ಕ್ವಾಲಿಫೈಯರ್. ಹೈಸ್ಕೂಲಿನಲ್ಲಿ ನಿಗದಿಯಾದ 16 ಕೋರ್ ಕೋರ್ಸು ಮುಗಿಸಿ, ಅವುಗಳಲ್ಲಿ 2.3 ಜಿಪಿಎ ತೆಗೆದವರು. ಅವರಿಗೆ ದಾರಿ ಸಲೀಸು. ಅಲ್ಲದವರು ಎರಡು ವರ್ಷದ ಡಿಗ್ರಿ ಮುಗಿಸಿ, ಇಂಗ್ಲಿಷ್, ಗಣಿತ, ವಿಜ್ಞಾನ ಇಂತಿಷ್ಟು ಮಾಡಿ, 2.5 ಜಿಪಿಎ ಇಟ್ಟುಕೊಂಡು ಹೋಗಬೇಕು. ಹಾಗಾಗಿ ನನ್ನ ಎದುರು ಕೂತ ಹುಡುಗನಿಗೆ ನಾನು ಮೊದಲು ಕೇಳುವುದು ಅವನ ಗೋಲು, ರನ್ನು ಅಲ್ಲ, ಹೈಸ್ಕೂಲಿನ ಟ್ರಾನ್ಸ್‌ಕ್ರಿಪ್ಟ್.

ಇನ್ನೊಂದು, ಗಡಿಯಾರ. ಡಿವಿಷನ್ 1ರಲ್ಲಿ ಯಾವುದೇ ಕಾಲೇಜಿಗೆ ಫುಲ್‌ಟೈಮ್ ಸೇರಿದ ದಿನದಿಂದ ಐದು ವರ್ಷ ಓಡಲು ಶುರು. ಆಡಿದರೂ ಓಡುತ್ತದೆ, ಆಡದಿದ್ದರೂ ಓಡುತ್ತದೆ. ಈ ನಿಯಮಗಳು ಈಗ ಕೋರ್ಟಿನಲ್ಲಿ ಅಲುಗಾಡುತ್ತಿವೆ. 2024ರ ಡಿಸೆಂಬರ್‌ನಲ್ಲಿ ವಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದ ಅಮೆರಿಕನ್ ಫುಟ್‌ಬಾಲ್ ಕ್ವಾರ್ಟರ್‌ಬ್ಯಾಕ್ ಡಿಯೇಗೋ ಪಾವಿಯಾ, ಜೂನಿಯರ್ ಕಾಲೇಜಿನಲ್ಲಿ (ಎರಡು ವರ್ಷದ ಕಾಲೇಜು) ಆಡಿದ ವರ್ಷ ಲೆಕ್ಕಕ್ಕೆ ಹಿಡಿಯಬಾರದು ಎಂದು ಟೆನ್ನೆಸ್ಸಿಯ ಫೆಡರಲ್ ಕೋರ್ಟಿನಿಂದ ತಾತ್ಕಾಲಿಕ ಆದೇಶ ತಂದರು. ಅವರಂಥ ಸ್ಥಿತಿಯಲ್ಲಿದ್ದವರಿಗೆ ಎನ್‌ಸಿಎಎ 2025-26ಕ್ಕೆ ವಿನಾಯಿತಿ ಕೊಟ್ಟಿತು. ಅದನ್ನು ಪೇಪರಿನಲ್ಲಿ ಓದಿ "ಈಗ ಇಲ್ಲಿ ಆಡಿದ್ದು ಲೆಕ್ಕಕ್ಕಿಲ್ಲವಂತೆ" ಎಂದು ಪ್ಲಾನ್ ಹಾಕಬೇಡಿ. ನಾನು ಇಲ್ಲಿ ಬರೆದ ಅಂಕಿಗಳನ್ನೂ ನಿಮ್ಮ ಮಗಳು ಸೇರುವ ವರ್ಷಕ್ಕೆ ಮತ್ತೆ ಕೇಳಿ ಖಚಿತ ಮಾಡಿಕೊಳ್ಳಿ. ನಾನು ವಕೀಲೆ ಅಲ್ಲ.

ಹಾಗಾದರೆ ಕಾಲೇಜಿನ ಆಟದ ವಿಭಾಗವನ್ನು ಅಳೆಯುವುದು ಹೇಗೆ? ಸುಲಭದ ದಾರಿ, ತಂಡದ ರೋಸ್ಟರ್, ಅಂದರೆ ಆಟಗಾರರ ಪಟ್ಟಿ. ಕಾಲೇಜಿನ ವೆಬ್‌ಸೈಟಿನಲ್ಲೇ ಇರುತ್ತದೆ. ಕಳೆದ ವರ್ಷದ್ದು, ಈ ವರ್ಷದ್ದು ಎರಡೂ ತೆಗೆಯಿರಿ. ಹೋದ ವರ್ಷ ಫ್ರೆಶ್‌ಮನ್ (ಮೊದಲ ವರ್ಷ) ಆಗಿದ್ದವರಲ್ಲಿ ಎಷ್ಟು ಜನ ಈ ವರ್ಷ ಸೊಫಮೋರ್ (ಎರಡನೇ ವರ್ಷ) ಆಗಿ ಉಳಿದಿದ್ದಾರೆ? ಬಹಳ ಜನ ಕಾಣೆಯಾಗಿದ್ದರೆ ಯಾಕೆ ಅಂತ ಕೇಳಿ. ಒಂದೇ ವರ್ಷಕ್ಕೆ ಮುಂದಿನ ಕಾಲೇಜಿಗೆ ಹೋಗಿದ್ದರೆ ಸಂತೋಷ. ಬೇ ಏರಿಯಾ ಬಾಡಿಗೆ ತಾಳದೆ ಊರಿಗೆ ಮರಳಿದವರೂ ಇರುತ್ತಾರೆ. 24 ಯೂನಿಟ್ ಆಗದೆ ಕೂತವರೂ ಇರುತ್ತಾರೆ. ಒಳ್ಳೆಯ ಕೋಚ್‌ಗೆ ಪ್ರತಿಯೊಬ್ಬನ ಕತೆ ಬಾಯಲ್ಲೇ ಇರುತ್ತದೆ. "ನಮ್ಮಿಂದ ತುಂಬಾ ಜನ ಡಿ-1ಗೆ ಹೋಗಿದ್ದಾರೆ" ಅಂತ ತೇಲಿಸಿದರೆ ಸ್ವಲ್ಪ ಹುಷಾರು. ಹೆಸರು ಕೇಳುವುದು ಮರ್ಯಾದೆಗೇಡಲ್ಲ. ಹೋದವರ ಪಟ್ಟಿಯನ್ನು ತಂಡಗಳು ಹೆಮ್ಮೆಯಿಂದ ಹಾಕಿಕೊಂಡಿರುತ್ತವೆ.

ರೋಸ್ಟರ್ ವಿಪರೀತ ಉದ್ದ ಇದ್ದರೂ ಯೋಚನೆ ಮಾಡಿ. ಸರ್ಕಾರದಿಂದ ಕಾಲೇಜಿಗೆ ಬರುವ ಹಣದಲ್ಲಿ ಬಹುಪಾಲು ವಿದ್ಯಾರ್ಥಿಗಳ ಸಂಖ್ಯೆ ನೋಡಿ ಬರುತ್ತದೆ. ತಂಡ ದೊಡ್ಡದಿದ್ದರೆ ಆಡಳಿತಕ್ಕೆ ಬೇಸರವಿಲ್ಲ. ಆದರೆ ನಾಲ್ವರು ಗೋಲ್‌ಕೀಪರ್ ಇರುವ ಕಡೆ ನಿಮ್ಮ ಮಗ ಐದನೆಯವನಾದರೆ ಅವನು ನೋಡುವುದು ಬೆಂಚು. ದುಡ್ಡಿನ ಕಡೆ ನೋಡಬೇಕಾದರೆ 1994ರ ಒಂದು ಫೆಡರಲ್ ಕಾನೂನಿನ ಪ್ರಕಾರ ಕಾಲೇಜುಗಳು ಪ್ರತಿ ವರ್ಷ ಗಂಡು, ಹೆಣ್ಣು ತಂಡಗಳ ಆಟಗಾರರ ಸಂಖ್ಯೆ, ಕೋಚ್‌ಗಳು, ಖರ್ಚು ಎಲ್ಲ ಒಪ್ಪಿಸಬೇಕು. ಅಮೆರಿಕದ ಶಿಕ್ಷಣ ಇಲಾಖೆಯ ಸೈಟಿನಲ್ಲಿ ಯಾರು ಬೇಕಾದರೂ ನೋಡಬಹುದು. ಹೆಣ್ಣು ಮಕ್ಕಳ ಅಪ್ಪ ಅಮ್ಮ ಇದನ್ನು ನೋಡಲೇಬೇಕು. ಅಂಕಿಗಳನ್ನು ಕಾಲೇಜೇ ಕೊಡುವುದರಿಂದ ಸಣ್ಣ ವ್ಯತ್ಯಾಸಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಎರಡು ಕಾಲೇಜಿನ ನಡುವೆ ಅಜಗಜಾಂತರ ಇದ್ದರೆ ಅದು ಏನೋ ಹೇಳುತ್ತಿದೆ.

"ಕೋಚ್ ಫೋನೇ ಮಾಡಲಿಲ್ಲ, ನಮಗೇನು ಗತಿಯಿಲ್ಲವಾ" ಅಂತ ಮುನಿಸಿಕೊಂಡವರೂ ಇದ್ದಾರೆ. ಗಂಡಿನ ಕಡೆಯವರೇ ಮೊದಲು ಬರಲಿ ಅಂತ ಕೂತ ಹಾಗೆ. ಇಲ್ಲಿ ನಿಯಮವೇ ಬೇರೆ. ಕ್ಯಾಲಿಫೋರ್ನಿಯಾದ ಕಮ್ಯುನಿಟಿ ಕಾಲೇಜಿನ ಕೋಚ್ ತನ್ನ ವ್ಯಾಪ್ತಿಯ ಆಚೆಗಿನ ಆಟಗಾರರನ್ನು ತಾನಾಗಿ ಮೊದಲು ಸಂಪರ್ಕಿಸುವಂತಿಲ್ಲ. ಹುಡುಗ ಅಥವಾ ಹುಡುಗಿಯೇ ಮೊದಲು ಮೇಲ್ ಬರೆಯಬೇಕು. ಅಪ್ಪ ಅಲ್ಲ, ದಯವಿಟ್ಟು. ಅಪ್ಪ ಬರೆದದ್ದು ಎರಡನೇ ಸಾಲಿಗೇ ಗೊತ್ತಾಗುತ್ತದೆ.

ನೋಡಲು ಹೋದ ದಿನ ಟ್ರೈನಿಂಗ್ ರೂಮಿಗೆ ಹೋಗಿ. ಗಾಯ, ಉಳುಕು ನೋಡಿಕೊಳ್ಳುವ ಸರ್ಟಿಫೈಡ್ ಅಥ್ಲೆಟಿಕ್ ಟ್ರೈನರ್ ಎಷ್ಟು ಜನ, ಪ್ರ್ಯಾಕ್ಟೀಸ್ ಹೊತ್ತಿನಲ್ಲೂ ಇರುತ್ತಾರಾ ಕೇಳಿ. ಕಾಲೇಜಿನ ಇನ್ಶೂರೆನ್ಸ್ ಸಾಮಾನ್ಯವಾಗಿ ನಿಮ್ಮ ಮನೆಯ ಇನ್ಶೂರೆನ್ಸ್ ಆದ ಮೇಲೆ ಬರುವಂಥದ್ದು. ಮೊಣಕಾಲಿನ ಆಪರೇಷನ್ ಆದ ಮೇಲೆ ಈ ವಿಷಯ ಗೊತ್ತಾಗಬಾರದು. ಹೆಚ್ಚಿನ ಕಾಲೇಜುಗಳಲ್ಲಿ ಹಾಸ್ಟೆಲ್ ಇಲ್ಲ. ದೂರದಿಂದ ಬಂದ ಹುಡುಗರು ಒಂದೇ ಅಪಾರ್ಟ್‌ಮೆಂಟಿನಲ್ಲಿ ತುಂಬಿಕೊಂಡಿರುತ್ತಾರೆ. ಸಾಧ್ಯವಾದರೆ ಅದನ್ನೂ ನೋಡಿ ಬನ್ನಿ.

ಬ್ಯಾಡ್ಮಿಂಟನ್ ಬಗ್ಗೆ ನಮ್ಮವರು ತಪ್ಪದೆ ಕೇಳುತ್ತಾರೆ, ಪಡುಕೋಣೆಯ ಊರಿನವರು ತಾನೇ. ಸಿಸಿಸಿಎಎಯಲ್ಲಿ ಹೆಣ್ಣು ಮಕ್ಕಳಿಗೆ ಬ್ಯಾಡ್ಮಿಂಟನ್ ತಂಡಗಳಿವೆ, ಗಂಡು ಮಕ್ಕಳಿಗಿಲ್ಲ. ಆದರೆ ಎನ್‌ಸಿಎಎಯಲ್ಲಿ ಬ್ಯಾಡ್ಮಿಂಟನ್ ಚಾಂಪಿಯನ್‌ಶಿಪ್ಪೇ ಇಲ್ಲ. ಅಂದರೆ ಮುಂದೆ ಆ ಆಟದಿಂದ ಸೀಟು ಸಿಗುವ ಮಾತೇ ಇಲ್ಲ. "ಹಾಗಾದರೆ ಸುಮ್ನೆ ಯಾಕೆ ಆಡಬೇಕು" ಎಂದು ಒಬ್ಬ ತಾಯಿ ಕೇಳಿದರು. ಮಗಳು ಪಕ್ಕದಲ್ಲೇ ಇದ್ದಳು. "ಇಷ್ಟ ಅಮ್ಮಾ" ಅಂದಳು. ಅವಳ ಕ್ಲಾಸ್ ಪ್ಲಾನ್ ಹಾಕುವುದು ಆ ವರ್ಷದ ನನ್ನ ಅತಿ ಸಲೀಸಾದ ಕೆಲಸ.

ಬೆಂಗಳೂರು, ಮೈಸೂರಿನಿಂದ ಎಫ್-1 ವೀಸಾದಲ್ಲಿ (ವಿದ್ಯಾರ್ಥಿ ವೀಸಾ) ಬಂದು ಆಡಬೇಕೆನ್ನುವ ಮಕ್ಕಳಿಗೆ ಒಂದು ಮಾತು ಜಾಸ್ತಿ ಹೇಳಬೇಕು. 46 ಡಾಲರ್ ಲೆಕ್ಕ ನಿಮಗಲ್ಲ, ಹೊರಗಿನವರ ಫೀಸು ಅದಕ್ಕಿಂತ ಬಹಳ ಹೆಚ್ಚು. 12 ಯೂನಿಟ್ ನಿಮಗೆ ಆಟದ ನಿಯಮವೂ ಹೌದು, ವೀಸಾ ನಿಯಮವೂ ಹೌದು. ಮ್ಯಾಚಿಗೆಂದು ಊರೂರು ಸುತ್ತುವ ತಂಡದವರು ಆನ್‌ಲೈನ್ ಕ್ಲಾಸು ತುಂಬಿಕೊಳ್ಳುತ್ತಾರೆ. ನಿಮಗೆ ಫುಲ್‌ಟೈಮ್ ಲೆಕ್ಕಕ್ಕೆ ಒಂದು ಅವಧಿಯಲ್ಲಿ ಒಂದೇ ಆನ್‌ಲೈನ್ ಕ್ಲಾಸು, ಅದೂ ಮೂರು ಯೂನಿಟ್‌ವರೆಗೆ. ಸೀಸನ್ ಮಧ್ಯೆ ಕೆಮಿಸ್ಟ್ರಿ ಕಷ್ಟ ಅಂತ ಬಿಟ್ಟು 11ಕ್ಕೆ ಇಳಿದರೆ ಜತೆಗಾರನಿಗೆ ಮ್ಯಾಚ್ ತಪ್ಪುತ್ತದೆ, ನಿಮಗೆ ವೀಸಾಕ್ಕೇ ತೊಂದರೆ. ಕ್ಲಾಸ್ ಬಿಡುವ ಯೋಚನೆ ಬಂದರೆ ಮೊದಲು ಕಾಲೇಜಿನ ಇಂಟರ್‌ನ್ಯಾಷನಲ್ ಆಫೀಸಿಗೆ ಹೋಗಿ. ಕೋಚ್‌ಗೆ ಆಮೇಲೆ ಹೇಳಿದರೆ ಸಾಕು.