ರಿಟೈರ್‌ಮೆಂಟ್ ದುಡ್ಡಲ್ಲಿ ಕ್ಯಾಂಪರ್ ವ್ಯಾನ್ ಕೊಳ್ಳಬಹುದಾ?

ಪ್ರಶ್ನೆ: ನಾನು ಗುಬ್ಬಿ ತಾಲ್ಲೂಕಿನವನು. ಹೈಸ್ಕೂಲ್ ಮೇಷ್ಟ್ರಾಗಿದ್ದು ಕಳೆದ ವರ್ಷ ನಿವೃತ್ತಿಯಾದೆ. ವಯಸ್ಸು 61. ಹೆಂಡತಿಯ ಜೊತೆ ಊರೂರು ಸುತ್ತುವ ಆಸೆ. ಹಳೇ ಟಿಟಿ (ಟೆಂಪೋ ಟ್ರಾವೆಲರ್) ಒಂದನ್ನು ಕೊಂಡು ಒಳಗೆ ಹಾಸಿಗೆ, ಅಡುಗೆಮನೆ, ಟಾಯ್ಲೆಟ್ ಮಾಡಿಸಿದರೆ 11-12 ಲಕ್ಷ ಆಗುತ್ತದೆ ಅಂತ ಲೆಕ್ಕ ಹಾಕಿದ್ದೇನೆ. ಲಾಡ್ಜ್ ಖರ್ಚು ಉಳಿಯುತ್ತದೆ, ಐದು ವರ್ಷ ಬಿಟ್ಟು ಮಾರಿದರೆ ಅರ್ಧ ದುಡ್ಡಾದರೂ ವಾಪಸ್ ಬರುತ್ತದೆ ಅಲ್ವಾ? ಮನೆ ಮುಂದೆ ನಿಲ್ಲಿಸೋಕೆ ಹಲಸಿನ ಮರದ ನೆರಳೂ ಇದೆ.

ಉತ್ತರ: ಮೇಷ್ಟ್ರೇ, ಅರ್ಧ ಬರುವುದಿಲ್ಲ. ಲಾಡ್ಜ್ ಖರ್ಚೂ ಉಳಿಯುವುದಿಲ್ಲ. ಹಾಗಂತ ಕೊಳ್ಳಲೇಬೇಡಿ ಅಂತ ಹೇಳೋಕೆ ನನಗೆ ಬಾಯಿ ಬರುವುದಿಲ್ಲ, ಯಾಕೆಂದರೆ ನಾನೇ ಒಂದನ್ನು ನಾಲ್ಕು ವರ್ಷ ಇಟ್ಟುಕೊಂಡಿದ್ದೆ. ನನ್ನ ಲೆಕ್ಕದ ಪುಸ್ತಕ ನಿಮ್ಮ ಮುಂದೆ ಬಿಚ್ಚಿಡುತ್ತೇನೆ. ಆಮೇಲೆ ನೀವೂ ನಿಮ್ಮ ಮನೆಯವರೂ ಕೂತು ಮಾತಾಡಿಕೊಳ್ಳಿ.

2021ರ ಶುರುವಿನಲ್ಲಿ ತುಮಕೂರಿನಲ್ಲೇ 2013ರ ಮಾಡೆಲ್ ಟಿಟಿಯನ್ನು ಆರೂವರೆ ಲಕ್ಷಕ್ಕೆ ಕೊಂಡೆ. ಒಳಗಿನ ಕೆಲಸಕ್ಕೆ 4.8 ಲಕ್ಷ ಹೋಯಿತು. ಒಟ್ಟು 11.3 ಲಕ್ಷ, ಹೆಚ್ಚೂಕಡಿಮೆ ನಿಮ್ಮ ಲೆಕ್ಕವೇ. ಇನ್ಶೂರೆನ್ಸ್, ಆಯಿಲ್, ಬ್ರೇಕ್, ಒಂದು ಸಲ ನಾಲ್ಕೂ ಟೈರ್, ಅದೂ ಇದೂ ಸೇರಿ ವರ್ಷಕ್ಕೆ 55 ಸಾವಿರ ಬಿತ್ತು. ನಾಲ್ಕು ವರ್ಷಕ್ಕೆ 2.2 ಲಕ್ಷ. ಡೀಸೆಲ್ ಇದರಲ್ಲಿ ಸೇರಿಲ್ಲ. 2025ರಲ್ಲಿ ಮಾರಿದಾಗ ಕೈಗೆ ಬಂದದ್ದು 3.9 ಲಕ್ಷ.

ಆ ಮಾರಾಟದ ದಿನವನ್ನು ಸ್ವಲ್ಪ ಹೇಳಬೇಕು. ಬ್ರೋಕರ್ ಬರುತ್ತಾನೆ ಅಂತ ಬೆಳಗ್ಗೆಯೇ ಗಾಡಿ ತೊಳೆದು, ಹಾಸಿಗೆಗೆ ಹೊಸ ಬೆಡ್‌ಶೀಟ್ ಹಾಸಿದ್ದೆ. ಬಾಗಿಲು ತೆಗೆದು ಫ್ರಿಜ್ ತೋರಿಸಿದೆ. ಸದ್ದಿಲ್ಲದೆ ಮುಚ್ಚಿಕೊಳ್ಳುವ ಡ್ರಾಯರ್ ಎಳೆದು ತೋರಿಸಿದೆ. ಆತ ಅತ್ತ ನೋಡಲೇ ಇಲ್ಲ. ನೆಲಕ್ಕೆ ಗೋಣಿಚೀಲ ಹಾಸಿ, ಗಾಡಿಯ ಕೆಳಗೆ ಮಲಗಿ, ಟಾರ್ಚ್ ಬಿಟ್ಟು ಛಾಸಿ ನೋಡಿದ. ಎಂಜಿನ್ ಸ್ಟಾರ್ಟ್ ಮಾಡಿಸಿ ಹೊಗೆಯ ಬಣ್ಣ ನೋಡಿದ. ಆಮೇಲೆ ಒಳಗೆ ಬಂದು ಪ್ಲೈವುಡ್ ಬೀರುವನ್ನು ಬೆರಳಿನಿಂದ ಟಕ್ ಟಕ್ ಅಂತ ಬಡಿದು ಕೇಳಿದ: "ಸಾರ್, ಇದೆಲ್ಲ ಬಿಚ್ಚಿ ಕೊಡ್ತೀರಾ, ಇಲ್ಲ ನಾವೇ ಬಿಚ್ಚಿಸ್ಕೊಬೇಕಾ? ನಾವೇ ಅಂದ್ರೆ ಅದಕ್ಕೊಂದು ಹತ್ತು ಸಾವಿರ ಇಳಿಸಿ."

4.8 ಲಕ್ಷದ ಕೆಲಸಕ್ಕೆ ಸಿಕ್ಕ ಬೆಲೆ ಮೈನಸ್ ಹತ್ತು ಸಾವಿರ!

ಅವನದೇನೂ ತಪ್ಪಿಲ್ಲ. ಟಿಟಿ ಕೊಳ್ಳುವವರಿಗೆ ಬೇಕಾದ್ದು ಹನ್ನೆರಡು ಸೀಟು. ಮದುವೆ ಬಾಡಿಗೆ, ಫ್ಯಾಕ್ಟರಿ ಟ್ರಿಪ್, ತಿರುಪತಿ ಟ್ರಿಪ್. ಸೀಟು ಕಿತ್ತು ಹಾಸಿಗೆ ಹಾಕಿದ ಗಾಡಿ ಅವರ ಲೆಕ್ಕದಲ್ಲಿ ಕೆಟ್ಟ ಗಾಡಿ. ಕ್ಯಾಂಪರ್ ವ್ಯಾನೇ ಬೇಕು ಅನ್ನುವವರು ನಮ್ಮ ಕಡೆ ಬೆರಳೆಣಿಕೆ. ಅವರಿಗೂ ಹಾಸಿಗೆ ಅಡ್ಡಕ್ಕೆ ಬೇಕು, ಸಿಂಕ್ ಆ ಕಡೆ ಬೇಕು, ಹೀಗೆ ತಮ್ಮದೇ ನಕ್ಷೆ ಇರುತ್ತದೆ. ಕೊನೆಗೆ ನನ್ನ ಗಾಡಿ ಕೊಂಡವರು ಸಂತೆಗಳಲ್ಲಿ ಬಟ್ಟೆ ಮಾರುವವರು. ಬೀರು ಮಾತ್ರ ಇರಲಿ, ಸೀರೆ ಜೋಡಿಸೋಕೆ ಆಗುತ್ತೆ ಅಂದರು. ಸೋಲಾರ್ ಪ್ಯಾನೆಲ್, ಬ್ಯಾಟರಿ ನಾನೇ ಬಿಚ್ಚಿಕೊಂಡೆ. ಈಗ ಮನೆಯಲ್ಲಿ ಕರೆಂಟ್ ಹೋದಾಗ ಫ್ಯಾನ್ ತಿರುಗುವುದು ಅದರಿಂದಲೇ.

ನಿಮ್ಮ 'ಐದು ವರ್ಷಕ್ಕೆ ಅರ್ಧ' ಎಲ್ಲಿಂದ ಬಂತು ಅನ್ನುವುದು ನನಗೆ ಗೊತ್ತು. ಇನ್ಶೂರೆನ್ಸ್‌ನವರು ಗಾಡಿಯ ಬೆಲೆ ಕಟ್ಟುವ ಐಡಿವಿ ಕೋಷ್ಟಕದಲ್ಲಿ ಹಾಗೆಯೇ ಇದೆ. ಮೊದಲ ಆರು ತಿಂಗಳಿಗೆ ಶೇ. 5 ಕಳೆಯುತ್ತಾರೆ, ವರ್ಷ ತುಂಬುವವರೆಗೆ ಶೇ. 15. ಎರಡು ವರ್ಷಕ್ಕೆ 20, ಮೂರಕ್ಕೆ 30, ನಾಲ್ಕಕ್ಕೆ 40, ಐದಕ್ಕೆ 50. ಆದರೆ ಅದು ಶೋರೂಮಿನಿಂದ ಬಂದ ಹೊಸ ಗಾಡಿಯ ಲೆಕ್ಕ. ಐದು ವರ್ಷ ದಾಟಿದ ಗಾಡಿಗೆ ನೀವೂ ಕಂಪನಿಯವರೂ ಮಾತಾಡಿಕೊಂಡು ಬೆಲೆ ಹಿಡಿಯಬೇಕು. ನೀವು ಮಾಡಿಸಿದ ಹಾಸಿಗೆ, ಫ್ರಿಜ್ ಅದರಲ್ಲಿ ತಾನಾಗಿ ಸೇರುವುದಿಲ್ಲ. ಬೇರೆಯಾಗಿ ಬರೆಸಿ, ಅದಕ್ಕೂ ಪ್ರೀಮಿಯಂ ಕಟ್ಟಬೇಕು. ಜೊತೆಗೆ ವೈಟ್ ಬೋರ್ಡ್, ಅಂದರೆ ಸ್ವಂತ ಬಳಕೆಯ ಗಾಡಿಯ ಆರ್‌ಸಿ 15 ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ಫಿಟ್‌ನೆಸ್ ಮಾಡಿಸಿ ಐದೈದು ವರ್ಷಕ್ಕೆ ನವೀಕರಿಸಬೇಕು. ನೀವು ಇವತ್ತು ಎಂಟು ವರ್ಷದ ಗಾಡಿ ಕೊಂಡರೆ, ಮಾರುವ ಹೊತ್ತಿಗೆ ಅದಕ್ಕೆ 13. ಕೊಳ್ಳುವವನು ಮೊದಲು ನೋಡುವುದು ಆ ಉಳಿದ ಎರಡು ವರ್ಷವನ್ನೇ.

ಈಗ ರಾತ್ರಿಗಳ ಲೆಕ್ಕ. ಈ ಗಾಡಿಗಳನ್ನು ಕಿಲೋಮೀಟರಿನಲ್ಲಿ ಅಳೆಯಬಾರದು, ಎಷ್ಟು ರಾತ್ರಿ ಅದರಲ್ಲಿ ಮಲಗಿದಿರಿ ಅನ್ನುವುದರಲ್ಲಿ ಅಳೆಯಬೇಕು. ಮೊದಲ ವರ್ಷ ನಾವು 41 ರಾತ್ರಿ ಮಲಗಿದೆವು. ಎರಡನೇ ವರ್ಷ 30, ಮೂರನೇ ವರ್ಷ 21, ಕೊನೆಯ ವರ್ಷ ಬರೀ 12. ಒಟ್ಟು 104. ಕಳೆದುಕೊಂಡ ದುಡ್ಡು 7.4 ಲಕ್ಷ, ಮೇಲಿನ ಖರ್ಚು 2.2 ಲಕ್ಷ. ಭಾಗಿಸಿದರೆ ಒಂದು ರಾತ್ರಿಗೆ 9,200 ರೂಪಾಯಿ ದಾಟುತ್ತದೆ. ಆ ದುಡ್ಡಿಗೆ ಚಿಕ್ಕಮಗಳೂರಿನಲ್ಲಿ ಒಳ್ಳೆಯ ರೆಸಾರ್ಟೇ ಸಿಗುತ್ತದೆ, ತಿಂಡಿ ಬೇರೆ.

ಡೀಸೆಲ್ ಇನ್ನೂ ಬಾಕಿ. ನನ್ನ ಗಾಡಿ ಲೀಟರಿಗೆ ಹತ್ತೂವರೆ ಕೊಡುತ್ತಿತ್ತು. ಧರ್ಮಸ್ಥಳಕ್ಕೆ ಹೋಗಿ ಬರೋಕೆ 550 ಕಿಲೋಮೀಟರ್ ಅಂತ ಹಿಡಿದರೆ 52 ಲೀಟರ್. ಲೀಟರಿಗೆ 90 ಅಂದುಕೊಂಡರೂ 4,700 ರೂಪಾಯಿ. ನಿಮ್ಮ ಮನೆಯವರಿಗಂತೂ 2023ರ ಜೂನ್‌ನಿಂದ ಕೆಎಸ್‌ಆರ್‌ಟಿಸಿ ಕೆಂಪು ಬಸ್ಸಲ್ಲಿ ಟಿಕೆಟ್ಟಿಗೆ ದುಡ್ಡೇ ಇಲ್ಲ!

ಇನ್ನೊಂದು ವಿಷಯ ಯಾರೂ ಹೇಳುವುದಿಲ್ಲ. ಈ ಗಾಡಿ ಓಡಿ ಹಾಳಾಗುವುದಕ್ಕಿಂತ ನಿಂತು ಹಾಳಾಗುವುದು ಜಾಸ್ತಿ. ಎರಡು ತಿಂಗಳು ನಿಲ್ಲಿಸಿದೆ, ಇಲಿ ಬಂದು ವೈರ್ ಕಡಿದು ಹಾಕಿತು. ಬ್ಯಾಟರಿ ಇಳಿಯಿತು. ಮೇಲೆ ಗಾಳಿಗೆ ಅಂತ ಒಂದು ಕಿಂಡಿ ಕೊರೆಸಿದ್ದೆ. ಕೆಲಸ ಮಾಡಿದವರು ಅದರ ಸುತ್ತ ಗಮ್ ಸರಿಯಾಗಿ ಹಾಕಿರಲಿಲ್ಲ. ಶಿರಾಡಿ ಘಾಟಿಯ ಮಳೆಯಲ್ಲಿ ನೀರು ಇಳಿದದ್ದು ನಮಗೆ ಗೊತ್ತೇ ಆಗಲಿಲ್ಲ. ಮನೆಗೆ ಬಂದ ವಾರಕ್ಕೆ ಹಾಸಿಗೆಯ ಕೆಳಗಿನ ಪ್ಲೈವುಡ್ ಪೂರಿ ಥರ ಉಬ್ಬಿತ್ತು. ಎಷ್ಟು ಒಣಗಿಸಿದರೂ ಆ ವಾಸನೆ ಗಾಡಿ ಮಾರುವವರೆಗೂ ಹೋಗಲಿಲ್ಲ.

ಕಾಗದದ ವಿಷಯಕ್ಕೆ ಬಂದರೆ, ಮಾಡಿಸುವ ಮುಂಚೆ ಆರ್‌ಟಿಒ ಕಚೇರಿಗೆ ಹೋಗಿ, ಮಾಡಿಸಿದ ಮೇಲಲ್ಲ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಆರ್‌ಸಿಯಲ್ಲಿ ಬರೆದದ್ದಕ್ಕೆ ಹೊಂದದಂತೆ ಗಾಡಿಯನ್ನು ಬದಲಾಯಿಸುವ ಹಾಗಿಲ್ಲ. ಮೋಟಾರು ಕ್ಯಾರವಾನ್‌ಗೆ ಅಂತಲೇ ಎಐಎಸ್-124 ಅನ್ನುವ ಬೇರೆ ಮಾನದಂಡ ಇದೆ. ನನಗೆ ಕೆಲಸ ಮಾಡಿಕೊಟ್ಟವರು "ಆರ್‌ಟಿಒ ಎಲ್ಲ ನಾವೇ ನೋಡ್ಕೊಳ್ತೀವಿ ಸಾರ್" ಅಂದಿದ್ದರು, ನೋಡಿಕೊಳ್ಳಲಿಲ್ಲ. ಸೀಟು ಕಡಿಮೆಯಾದದ್ದನ್ನು ಆರ್‌ಸಿಯಲ್ಲಿ ಬರೆಸೋಕೆ ಮೂರು ತಿಂಗಳು ನಾನೇ ಅಲೆದೆ. ಅದಾಗುವ ಮೊದಲು ಎಲ್ಲಾದರೂ ಗುದ್ದಿದ್ದರೆ ಇನ್ಶೂರೆನ್ಸ್‌ನವರು ಅದೇ ನೆಪ ಹೇಳಿ ಕೈತೊಳೆದುಕೊಳ್ಳಬಹುದಿತ್ತು. ಆರ್‌ಸಿಯಲ್ಲಿ ಗಾಡಿಯ ವರ್ಗ ಏನಂತ ಇದೆ ಅನ್ನುವುದು ಟೋಲ್‌ನಲ್ಲೂ ಲೆಕ್ಕಕ್ಕೆ ಬರುತ್ತದೆ. ಮಿನಿ ಬಸ್ಸಿಗೆ ಕಾರಿಗಿಂತ ಜಾಸ್ತಿ ದರ. 2025ರ ಆಗಸ್ಟ್‌ನಲ್ಲಿ ಬಂದ ಫಾಸ್ಟ್ಯಾಗ್ ವಾರ್ಷಿಕ ಪಾಸ್ ಖಾಸಗಿ ಕಾರು, ಜೀಪು, ವ್ಯಾನಿಗೆ ಮಾತ್ರ. ಡಿಎಲ್ ಬಗ್ಗೆ ಚಿಂತೆ ಬೇಡ. ಒಟ್ಟು ತೂಕ 7,500 ಕಿಲೋ ಒಳಗಿದ್ದರೆ ಕಾರು ಓಡಿಸುವ ನಿಮ್ಮ ಎಲ್‌ಎಂವಿ ಲೈಸೆನ್ಸೇ ಸಾಕು.

ಯೂಟ್ಯೂಬಿನಲ್ಲಿ ಅಮೆರಿಕದವರ ವಿಡಿಯೋ ನೋಡಿ ಆಸೆ ಹುಟ್ಟಿತ್ತಾ? ನನಗೂ ಅದೇ ಆಗಿದ್ದು. ಅಲ್ಲಿ ಇಂಥ ಗಾಡಿಗಳಿಗೆಂದೇ ಆರ್‌ವಿ ಪಾರ್ಕ್ ಅಂತ ಇರುತ್ತವೆ. ಗಾಡಿ ನಿಲ್ಲಿಸುವ ಜಾಗದಲ್ಲೇ 30 ಆಂಪ್, 50 ಆಂಪ್ ಪ್ಲಗ್ಗು, ನಲ್ಲಿ, ಟಾಯ್ಲೆಟ್ ಟ್ಯಾಂಕ್ ಖಾಲಿ ಮಾಡೋಕೆ ಪೈಪು. ನಮ್ಮಲ್ಲಿ ಅದರ ಬದಲು ಪೆಟ್ರೋಲ್ ಬಂಕ್, ಛತ್ರದ ಅಂಗಳ, ದೇವಸ್ಥಾನದ ಪಾರ್ಕಿಂಗ್, ನೆಂಟರ ಮನೆ ಕಣ. ದೇವರಾಯನದುರ್ಗದ ಕಾಡಿನಲ್ಲಿ ರಾತ್ರಿ ನಿಲ್ಲಿಸಿಕೊಂಡು ಮಲಗೋಣ ಅನ್ನುವುದು ಆಗದ ಮಾತು. 20 ಲೀಟರಿನ ಟಾಯ್ಲೆಟ್ ಡಬ್ಬ ಇಬ್ಬರಿಗೆ ಮೂರು ದಿನ ಬಂದರೆ ಹೆಚ್ಚು. ಅದನ್ನು ಎತ್ತಿಕೊಂಡು ಹೋಗಿ ಸುರಿಯುವವರು ಯಾರು ಅಂತ ಮೊದಲೇ ಇಬ್ಬರೂ ತೀರ್ಮಾನ ಮಾಡಿಕೊಳ್ಳಿ. ನಮ್ಮಲ್ಲಿ ನಾನೇ.

ಎಸಿ ಕನಸನ್ನೂ ಬಿಡಿ. 12 ವೋಲ್ಟಿನ 200 ಆಂಪ್ ಅವರ್ ಲಿಥಿಯಂ ಬ್ಯಾಟರಿಯಲ್ಲಿ ಹಿಡಿಯುವುದೇ 2.4 ಯೂನಿಟ್. ಒಂದು ಟನ್ ಎಸಿ ಅದನ್ನು ಎರಡು ಗಂಟೆಯಲ್ಲಿ ಕುಡಿದು ಮುಗಿಸುತ್ತದೆ. ಕಡಿಮೆ ಕರೆಂಟ್ ಎಳೆಯುವ 30 ವಾಟಿನ ಬಿಎಲ್‌ಡಿಸಿ ಫ್ಯಾನಾದರೆ ರಾತ್ರಿಯಿಡೀ ತಿರುಗಿದರೂ ಕಾಲು ಯೂನಿಟ್. ಫ್ಯಾನಿಗೆ ಒಗ್ಗಿಕೊಳ್ಳಿ, ಏಪ್ರಿಲ್‌ನಲ್ಲಿ ಪಾವಗಡದ ಕಡೆ ಹೋಗಬೇಡಿ. ಅಲ್ಲಿ 2,050 ಮೆಗಾವ್ಯಾಟ್ ಸೋಲಾರ್ ಪಾರ್ಕ್ ಮಾಡಿರುವುದು ಸುಮ್ನೆ ಅಲ್ಲ.

ಇಷ್ಟೆಲ್ಲ ಹೇಳಿದ ಮೇಲೂ ಆ ಗಾಡಿ ಕೊಂಡದ್ದಕ್ಕೆ ನನಗೆ ಬೇಜಾರಿಲ್ಲ. ಕಾರಣ ನಮ್ಮಮ್ಮ. ಅವರಿಗೆ ಆಗ 78. ಎಲ್ಲಿಗಾದರೂ ಹೊರಡಬೇಕು ಅಂದರೆ ಹಿಂದಿನ ರಾತ್ರಿಯಿಂದಲೇ ನೀರು ಕುಡಿಯುವುದನ್ನು ನಿಲ್ಲಿಸುತ್ತಿದ್ದರು. ದಾರಿಯಲ್ಲಿ ಟಾಯ್ಲೆಟ್ ಸಿಗುತ್ತೋ ಇಲ್ಲವೋ, ಸಿಕ್ಕರೂ ಹೇಗಿರುತ್ತೋ. ಆಮೇಲಾಮೇಲೆ "ನಾನು ಮನೇಲೇ ಇರ್ತೀನಿ, ನೀವು ಹೋಗ್ಬನ್ನಿ" ಅನ್ನುವುದೇ ಅಭ್ಯಾಸವಾಗಿತ್ತು. ಗಾಡಿ ಬಂದ ಮೇಲೆ ಮೊದಲ ಸಲ ಧರ್ಮಸ್ಥಳಕ್ಕೆ ಹೊರಟಾಗ ಹಾಸನ ದಾಟಿದ ಮೇಲೆ ಎರಡು ಲೋಟ ಮಜ್ಜಿಗೆ ಕುಡಿದರು. ನನ್ನ ಹೆಂಡತಿ ನನ್ನ ಕಡೆ ನೋಡಿದಳು. ಇಬ್ಬರೂ ಏನೂ ಮಾತಾಡಲಿಲ್ಲ.

ಇನ್ನೊಂದು ಬೆಳಗ್ಗೆಯೂ ನೆನಪಿದೆ. ಶಿರಾ ತಾಲ್ಲೂಕಿನ ಕಗ್ಗಲಡುವಿನಲ್ಲಿ ಒಬ್ಬರ ಮನೆ ಪಕ್ಕ ಕೇಳಿಕೊಂಡು ನಿಲ್ಲಿಸಿದ್ದೆವು. ಹುಣಸೆ ಮರಗಳ ತುಂಬ ಬಣ್ಣದ ಕೊಕ್ಕರೆ ಗೂಡು. ಬೆಳಕು ಹರಿಯುವ ಮುಂಚೆಯೇ ಮರಿಗಳ ಗಲಾಟೆ ಶುರು. ಅಮ್ಮ ಹಾಸಿಗೆಯಲ್ಲಿ ಎದ್ದು ಕೂತು, ಹೊದಿಕೆ ಹೊದ್ದುಕೊಂಡೇ ಕಿಟಕಿಯಿಂದ ಒಂದು ಗಂಟೆ ನೋಡಿದರು. ಆ ಹೊತ್ತಿಗೆ ಆ ಜಾಗದಲ್ಲಿ ಅವರನ್ನು ಕೂರಿಸೋಕೆ ಬೇರೆ ದಾರಿ ಇರಲಿಲ್ಲ. ಕೊನೆಯ ವರ್ಷ 12 ರಾತ್ರಿ ಮಾತ್ರ ಯಾಕೆ ಅಂದರೆ ಅಮ್ಮನಿಗೆ ಮೆಟ್ಟಿಲು ಹತ್ತೋಕೆ ಆಗುತ್ತಿರಲಿಲ್ಲ.

ಹಾಗಾಗಿ ನಿಮಗೆ ನನ್ನ ಸಲಹೆ ಇಷ್ಟು. ಮೊದಲು ಬೆಂಗಳೂರಿನಲ್ಲಿ ಬಾಡಿಗೆಗೆ ಸಿಗುವ ಕ್ಯಾಂಪರ್ ವ್ಯಾನ್ ತೆಗೆದುಕೊಂಡು ನಾಲ್ಕು ರಾತ್ರಿ ಮಲಗಿ ನೋಡಿ. ದುಬಾರಿ ಅನ್ನಿಸಿದರೆ ನನ್ನ 9,200 ನೆನಪಿಸಿಕೊಳ್ಳಿ. ಅದಾದ ಮೇಲೂ ಇಬ್ಬರಿಗೂ ಆಸೆ ಉಳಿದಿದ್ದರೆ, ಟಿಟಿ ಬೇಡ, ಮಾರುತಿ ಈಕೋ ಥರದ ಚಿಕ್ಕ ವ್ಯಾನ್ ನೋಡಿ. ಬೋಲ್ಟ್ ಬಿಚ್ಚಿದರೆ ಹೊರಗೆ ಬರುವಂಥ ಮಂಚ, ಒಂದು ಪೆಟ್ಟಿಗೆ ಅಡುಗೆಮನೆ, ಒಂದು ಬ್ಯಾಟರಿ, ಅಷ್ಟು ಸಾಕು. ಏನನ್ನೂ ಕೊರೆಸಬೇಡಿ, ಸೀಟಿನ ವಿಷಯ ಮಾತ್ರ ಮೊದಲೇ ಆರ್‌ಟಿಒದಲ್ಲಿ ಕೇಳಿಕೊಳ್ಳಿ. ಮಾರುವ ದಿನ ಸೀಟು ವಾಪಸ್ ಕೂರಿಸಿದರೆ ಅದು ಮತ್ತೆ ಈಕೋ, ಅದಕ್ಕೆ ಪ್ರತಿ ಊರಿನಲ್ಲೂ ಗಿರಾಕಿ ಇದ್ದಾರೆ. ನಿಲ್ಲುವಷ್ಟು ಎತ್ತರ ಇರುವುದಿಲ್ಲ, ಟಾಯ್ಲೆಟ್ಟೂ ಸರಿಯಾಗಿ ಕೂರುವುದಿಲ್ಲ. ಆ ಟಾಯ್ಲೆಟ್ಟೇ ಮುಖ್ಯ ಅನ್ನುವಂಥವರು ಮನೆಯಲ್ಲಿದ್ದರೆ ಟಿಟಿಯನ್ನೇ ಕೊಳ್ಳಿ, ದುಡ್ಡು ಹೋಯಿತು ಅಂತಲೇ ಬರೆದುಕೊಂಡು ಕೊಳ್ಳಿ.

ಹಲಸಿನ ಮರದ ಕೆಳಗೆ ಮಾತ್ರ ನಿಲ್ಲಿಸಬೇಡಿ. ನೆರಳಲ್ಲಿ ಸೋಲಾರ್ ಪ್ಯಾನೆಲ್ ಸರಿಯಾಗಿ ಕೆಲಸ ಮಾಡುವುದಿಲ್ಲ. ಅಲ್ಲದೆ ಗುಬ್ಬಿ ಕಡೆಯ ಹಲಸು ಹೇಗೆ ಬಿಡುತ್ತದೆ ಅಂತ ನಿಮಗೆ ನಾನು ಹೇಳಬೇಕಾ? ಹತ್ತು ಕಿಲೋದ ಹಣ್ಣೊಂದು ಟಾಪ್ ಮೇಲೆ ಬಿದ್ದರೆ ಟಿಂಕರಿಂಗ್ ಖರ್ಚು ಬೇರೆ.