ನಿಷ್ಕಾಮ ಕರ್ಮ: ನಾವು ಮರೆತ ನಾಲ್ಕನೇ ಪಾದ

"ಕೆಲಸ ಮಾಡು, ಫಲ ಕೇಳಬೇಡ." ನಿಷ್ಕಾಮ ಕರ್ಮ ಎಂದರೆ ಇಷ್ಟೇ ಎಂದು ತುಂಬಾ ಜನ ತಿಳಿದಿದ್ದಾರೆ. ಕೂಲಿ ಜಾಸ್ತಿ ಕೇಳಿದವರ ಬಾಯಿ ಮುಚ್ಚಿಸಲೂ ಈ ಮಾತನ್ನು ಬಳಸುವವರಿದ್ದಾರೆ. ಕೇಳಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಇದು ನಮಗೆ ನಾವೇ ಹೇಳಿಕೊಳ್ಳಬೇಕಾದ ಮಾತು. ಇನ್ನೊಬ್ಬರ ದುಡಿಮೆಯ ಮೇಲೆ ಹೇರುವಂಥದ್ದಲ್ಲ.

ಮೊದಲು ಪದ ಬಿಡಿಸೋಣ. ಕಾಮ ಎಂದರೆ ಇಲ್ಲಿ ಬಯಕೆ, ಬೇಕು ಬೇಕು ಎಂಬ ಎಳೆತ. ಅದಿಲ್ಲದ್ದು ನಿಷ್ಕಾಮ. ಕರ್ಮ ಎಂದರೆ ಕೆಲಸ. 'ಅಯ್ಯೋ ನನ್ನ ಕರ್ಮ' ಎಂದು ಹಣೆ ಚಚ್ಚಿಕೊಳ್ಳುತ್ತೇವಲ್ಲ, ಆ ಅರ್ಥ ಇಲ್ಲಿ ಬೇಡ. ಇನ್ನೊಂದು ವಿಷಯ: 'ನಿಷ್ಕಾಮ' ಎಂಬ ಪದ ಭಗವದ್ಗೀತೆಯಲ್ಲಿ ಇಲ್ಲ. ಅಲ್ಲಿ ಬರುವುದು 'ಅಸಕ್ತ', ಅಂದರೆ ಅಂಟಿಕೊಳ್ಳದವನು; 'ಕರ್ಮಫಲತ್ಯಾಗ', ಅಂದರೆ ಫಲದ ಮೇಲಿನ ಹಿಡಿತ ಬಿಡುವುದು. ಗಾಂಧೀಜಿ ತಮ್ಮ ಗುಜರಾತಿ ಗೀತಾನುವಾದವನ್ನು 'ಅನಾಸಕ್ತಿಯೋಗ' ಎಂದು ಕರೆದರು. ನನಗೆ ಈ ಹೆಸರೇ ಹೆಚ್ಚು ಸರಿ ಅನ್ನಿಸುತ್ತದೆ. ಬಿಡಬೇಕಾದ್ದು ಅಂಟು.

ಎಲ್ಲರ ಬಾಯಲ್ಲೂ ಇರುವ ಶ್ಲೋಕ ಎರಡನೇ ಅಧ್ಯಾಯದ 47ನೆಯದು. 'ಕರ್ಮಣ್ಯೇವಾಧಿಕಾರಸ್ತೇ ಮಾ ಫಲೇಷು ಕದಾಚನ' ಎಂದು ಅರ್ಧ ಹೇಳಿ ನಿಲ್ಲಿಸುತ್ತೇವೆ, ಅಲ್ವಾ? ಒಂದು ಶ್ಲೋಕಕ್ಕೆ ನಾಲ್ಕು ಪಾದ, ಅಂದರೆ ನಾಲ್ಕು ಕಾಲು ಭಾಗ; ಇಲ್ಲಿ ಇನ್ನೂ ಎರಡು ಪಾದ ಇದೆ. ಫಲಕ್ಕಾಗಿಯೇ ಕೆಲಸ ಮಾಡುವವನಾಗಬೇಡ ಎನ್ನುತ್ತದೆ ಮೂರನೆಯದು. ನಾಲ್ಕನೆಯದು 'ಮಾ ತೇ ಸಂಗೋಽಸ್ತ್ವಕರ್ಮಣಿ': ಸುಮ್ನೆ ಕೂರುವುದಕ್ಕೂ ಅಂಟಿಕೊಳ್ಳಬೇಡ. ಈ ಮಾತು ಕೇಳಿಸಿಕೊಂಡವನು ಯಾರು ಎಂದು ನೆನೆಯಿರಿ. ಬಿಲ್ಲು ಕೆಳಗಿಟ್ಟು, ಯುದ್ಧ ಮಾಡುವುದಿಲ್ಲ ಎಂದು ರಥದಲ್ಲಿ ಕುಸಿದು ಕೂತ ಅರ್ಜುನ. ಅವನಿಗೆ ಎಲ್ಲಕ್ಕಿಂತ ಬೇಕಾಗಿದ್ದದ್ದು ಈ ನಾಲ್ಕನೇ ಪಾದ.

ಫಲಕ್ಕೆ ಯಾಕೆ ಅಂಟಿಕೊಳ್ಳಬಾರದು? ಹದಿನೆಂಟನೇ ಅಧ್ಯಾಯ ಕಾರಣ ಕೊಡುತ್ತದೆ. ಯಾವ ಕೆಲಸವಾದರೂ ಐದು ಸೇರಿ ಆಗುತ್ತದೆ: ನೆಲೆ, ಮಾಡುವವನು, ಸಾಧನ, ಬಗೆಬಗೆಯ ಪ್ರಯತ್ನ, ಐದನೆಯದಾಗಿ ದೈವ. ರಾಗಿ ಹೊಲಕ್ಕೆ ಹೊಂದಿಸಿ ನೋಡಿ. ಹೊಲ, ರೈತ, ನೇಗಿಲು ಎತ್ತು, ಉತ್ತು ಬಿತ್ತಿ ಕಳೆ ಕೀಳುವ ದುಡಿಮೆ, ಆಮೇಲೆ ಮಳೆ. ಐದರಲ್ಲಿ ನಾನು ಒಬ್ಬ. ಹಾಗಿರುವಾಗ ಬೆಳೆ ಬಂದರೆ ಎಲ್ಲಾ ನನ್ನಿಂದ ಎಂದು ಬೀಗುವುದೂ, ಬಾರದಿದ್ದರೆ ಎಲ್ಲಾ ನನ್ನ ತಪ್ಪು ಎಂದು ಕುಗ್ಗುವುದೂ ಲೆಕ್ಕ ತಪ್ಪಿದಂತೆಯೇ. ಹಾಗಂತ ಬೆಳೆ ಬೇಡ ಎಂದು ಯಾರೂ ಬಿತ್ತುವುದಿಲ್ಲ. ಗುರಿ ಇರಲೇಬೇಕು.

ಅದೇ ಅಧ್ಯಾಯದಲ್ಲಿ ನನಗೆ ತುಂಬಾ ಇಷ್ಟವಾದ ಮಾತೊಂದಿದೆ. ಸಾತ್ವಿಕವಾಗಿ ಕೆಲಸ ಮಾಡುವವನು ಹೇಗಿರುತ್ತಾನೆ ಎನ್ನುವಾಗ ಗೀತೆ 'ಧೃತಿ' (ಅಲುಗದ ಮನಸ್ಸು) ಮತ್ತು 'ಉತ್ಸಾಹ' ಎರಡನ್ನೂ ಸೇರಿಸುತ್ತದೆ. ಅಂಟು ಬಿಟ್ಟವನು ಮಂಕಾಗಿ, ಆದರೆ ಆಯ್ತು ಇಲ್ಲದಿದ್ದರೆ ಇಲ್ಲ ಎಂದು ಕೈ ಆಡಿಸುವವನಲ್ಲ. ಗೆದ್ದರೂ ಸೋತರೂ ಅಲುಗದವನು, ಆದರೆ ಕೆಲಸಕ್ಕೆ ಇಳಿದರೆ ಉತ್ಸಾಹ ತುಂಬಿದವನು.

ಹನ್ನೆರಡನೇ ಶತಮಾನದ ಆಯ್ದಕ್ಕಿ ಲಕ್ಕಮ್ಮ ಗೀತೆಯ ದಾರಿ ಹಿಡಿದವಳಲ್ಲ. ಅವಳದು ಶರಣರ ಕಾಯಕದ ದಾರಿ. ಆದರೂ ನಾಲ್ಕನೇ ಪಾದ ನೆನೆದಾಗಲೆಲ್ಲ ನನಗೆ ಅವಳು ಕಣ್ಮುಂದೆ ಬರುತ್ತಾಳೆ. ಗಂಡ ಮಾರಯ್ಯ ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರುತ್ತಿದ್ದ. ಒಂದು ದಿನ ಎಂದಿಗಿಂತ ಜಾಸ್ತಿ ತಂದ. "ಈಸಕ್ಕಿಯಾಸೆ ನಿಮಗೇಕೆ?" ಎಂದು ಕೇಳಿ, ಹೆಚ್ಚಾದದ್ದನ್ನು ಅಲ್ಲೇ ಸುರಿದು ಬರಲು ಕಳಿಸಿದಳು. ಇನ್ನೊಂದು ವಚನದಲ್ಲಿ ಅವಳು ಅದೇ ಗಂಡನನ್ನು ಎಬ್ಬಿಸುತ್ತಾಳೆ: "ಕಾಯಕ ನಿಂದಿತ್ತು ಹೋಗಯ್ಯಾ ಎನ್ನಾಳ್ದನೆ." ಕೆಲಸ ನಿಂತಿದೆ, ಬೇಗ ಹೋಗು ಮಾರಯ್ಯಾ.