ಹುಯ್: ವಿಯೆಟ್ನಾಮೀಯರ ಚೀಟಿ, ವಲಸಿಗರ ಬಂಡವಾಳ

ಹುಯ್ ಎಂದರೆ ವಿಯೆಟ್ನಾಮೀಯರ ಹರಾಜು ಚೀಟಿ. ಪರಿಚಿತರು ಒಂದಿಷ್ಟು ಮಂದಿ ಸೇರಿ ತಿಂಗಳಿಗೆ ಇಷ್ಟು ಎಂದು ಹಣ ಕಟ್ಟುತ್ತಾರೆ, ತಿಂಗಳಿಗೊಬ್ಬರು ಒಟ್ಟು ಮೊತ್ತವನ್ನು ಎತ್ತುತ್ತಾರೆ, ಎಲ್ಲರ ಸರದಿ ಮುಗಿದಾಗ ಚೀಟಿ ಮುಗಿಯುತ್ತದೆ. ಚೀಟಿ ಕಟ್ಟಿ ಗೊತ್ತಿರುವ ಕನ್ನಡಿಗರಿಗೆ ಇದರಲ್ಲಿ ಅಪರಿಚಿತವಾದದ್ದು ಏನೂ ಕಾಣದು. ಗಮನಿಸಬೇಕಾದದ್ದು ಅದು ಮಾಡಿದ ಕೆಲಸವನ್ನು. 1975ರ ನಂತರ ಅಮೆರಿಕಕ್ಕೆ ಬಂದಿಳಿದ ವಿಯೆಟ್ನಾಮೀ ನಿರಾಶ್ರಿತರಲ್ಲಿ ಅನೇಕರಿಗೆ ಅಂಗಡಿ, ಹೋಟೆಲು, ಉಗುರು ಸಲೂನು ತೆರೆಯಲು ಮೊದಲ ಹಣ ಹುಟ್ಟಿದ್ದು ಈ ಚೀಟಿಯಿಂದ.

ದಕ್ಷಿಣ ವಿಯೆಟ್ನಾಮಿನಲ್ಲಿ ಹುಯ್ ಎನ್ನುವುದನ್ನು ಉತ್ತರದವರು ಹೊ ಎನ್ನುತ್ತಾರೆ. ಅಮೆರಿಕಕ್ಕೆ ಹೋದವರಲ್ಲಿ ದಕ್ಷಿಣದವರೇ ಹೆಚ್ಚಾದ್ದರಿಂದ ಅಲ್ಲಿ ಹುಯ್ ಎಂಬ ಹೆಸರೇ ನಿಂತಿತು. ಚೀಟಿ ನಡೆಸುವವರು ಚು ಹುಯ್. ಬಹಳ ಕಡೆ ಈ ಕೆಲಸ ಹೆಂಗಸರದು.

ಲೆಕ್ಕ ಹೀಗೆ. 20 ಮಂದಿಯ ಹುಯ್, ತಿಂಗಳಿಗೆ ತಲಾ 1,000 ಡಾಲರ್ ಎಂದುಕೊಳ್ಳಿ. ಹಣ ಬೇಕಾದವರು ತಾವು ಎಷ್ಟು ಬಿಟ್ಟುಕೊಡಲು ಸಿದ್ಧ ಎಂಬುದನ್ನು ಕಾಗದದ ಚೂರಿನಲ್ಲಿ ಬರೆದು ಕೊಡುತ್ತಾರೆ. ಹೆಚ್ಚು ಬರೆದವರಿಗೆ ಆ ತಿಂಗಳ ಹಣ. ಐದನೆಯ ತಿಂಗಳಲ್ಲಿ ಒಬ್ಬಾಕೆ 150 ಬರೆದು ಗೆದ್ದಳು. ಇನ್ನೂ ಎತ್ತದಿರುವ ಉಳಿದ 15 ಮಂದಿ ಅವಳಿಗೆ 850ರಂತೆ ಕೊಟ್ಟರೆ ಸಾಕು. ಈಗಾಗಲೇ ಎತ್ತಿರುವ ನಾಲ್ವರು ಮಾತ್ರ ಪೂರ್ತಿ 1,000 ಕೊಡಬೇಕು. ಒಟ್ಟು 16,750. ಅದರಲ್ಲಿ ಚೀಟಿ ನಡೆಸುವಾಕೆ ತನ್ನ ಕಮಿಷನ್ ಎಂದು ಅರ್ಧ ಕಂತು, ಅಂದರೆ 500 ಹಿಡಿದುಕೊಂಡರೆ ಕೈಗೆ ಬರುವುದು 16,250. ಮುಂದಿನ 15 ತಿಂಗಳು ಇವಳೂ ಪೂರ್ತಿ 1,000 ಕಟ್ಟಬೇಕು. ಪ್ರತಿ ತಿಂಗಳೂ ಕೂಗು 150ರಲ್ಲೇ ನಿಂತಿತೆಂದು ಇಟ್ಟುಕೊಂಡರೆ, ಕೊನೆಯವರೆಗೆ ಕಾದು ಕುಳಿತವರು ಕಟ್ಟಿದ್ದು 16,150, ಪಡೆದದ್ದು 18,500. ಆತುರದವರು ಕೊಟ್ಟ ಬಡ್ಡಿ ತಾಳ್ಮೆಯವರ ಲಾಭ.

ಎತ್ತದಿರುವ ಕಂತಿಗೆ ಅವರು ಜೀವಂತ ಹುಯ್ ಎಂದೂ, ಎತ್ತಿಯಾದ ಕಂತಿಗೆ ಸತ್ತ ಹುಯ್ ಎಂದೂ ಹೇಳುತ್ತಾರೆ. ನಮ್ಮ ಚೀಟಿಗೂ ಇದಕ್ಕೂ ಇರುವ ಮುಖ್ಯ ವ್ಯತ್ಯಾಸ ಇಲ್ಲಿದೆ. ನಮ್ಮಲ್ಲಿ ನೋಂದಾಯಿತ ಚೀಟಿ ನಿಧಿಗಳು ಬಿಟ್ಟುಕೊಟ್ಟ ಮೊತ್ತವನ್ನು ಸಾಮಾನ್ಯವಾಗಿ ಎಲ್ಲ ಸದಸ್ಯರಿಗೂ ಡಿವಿಡೆಂಡ್ ಎಂದು ಹಂಚುತ್ತವೆ, ಎತ್ತಿದವರಿಗೂ ಪಾಲುಂಟು. ಹುಯ್‌ನಲ್ಲಿ ಎತ್ತಿದವರಿಗೆ ರಿಯಾಯಿತಿ ಇಲ್ಲ. ಸತ್ತ ಹುಯ್ ಉಳ್ಳವರಿಗೆ ಮುಂದೆ ಬರುವುದು ಏನೂ ಉಳಿದಿರುವುದಿಲ್ಲ, ಕಟ್ಟುವುದಷ್ಟೇ ಬಾಕಿ. ಇಡೀ ವ್ಯವಸ್ಥೆಯ ದುರ್ಬಲ ಜಾಗ ಇದೇ.

1975ರ ಏಪ್ರಿಲ್ 30ರಂದು ದಕ್ಷಿಣ ವಿಯೆಟ್ನಾಮಿನ ರಾಜಧಾನಿ ಸೈಗಾನ್ ಉತ್ತರದ ಸೇನೆಯ ಕೈಗೆ ಬಿದ್ದಿತು. ಅದೇ ವರ್ಷ ಸುಮಾರು 1.25 ಲಕ್ಷ ಮಂದಿ ಅಮೆರಿಕ ಸೇರಿದರು, ಮುಂದೆ ದೋಣಿಗಳಲ್ಲಿ ಇನ್ನೂ ಎಷ್ಟೋ ಮಂದಿ ಬಂದರು. ಬ್ಯಾಂಕು ಸಾಲ ಕೊಡುವ ಮೊದಲು ಕೇಳುವುದು ಹಿಂದಿನ ಸಾಲದ ಚರಿತ್ರೆ, ಅಡಮಾನ, ಸ್ಥಳೀಯ ಆದಾಯದ ದಾಖಲೆ. ನಿನ್ನೆ ಮೊನ್ನೆ ಶಿಬಿರದಿಂದ ಹೊರಬಂದವರ ಬಳಿ ಈ ಮೂರೂ ಇರಲಿಲ್ಲ. ಕೆಲಸ ಮಾತ್ರ ಸಿಗುತ್ತಿತ್ತು. ಸ್ಯಾಕ್ರಮೆಂಟೊ ಸಮೀಪದ ಹೋಪ್ ವಿಲೇಜ್ ಶಿಬಿರಕ್ಕೆ ಹೋಗುತ್ತಿದ್ದ ಹಾಲಿವುಡ್ ನಟಿ ಟಿಪ್ಪಿ ಹೆಡ್ರೆನ್ ಅವರ ಉಗುರುಗಳನ್ನು ಅಲ್ಲಿನ ಹೆಂಗಸರು ಬೆರಗಿನಿಂದ ನೋಡಿದರಂತೆ. ನಟಿ ತಮ್ಮ ಉಗುರು ಸಿಂಗರಿಸುವವಳನ್ನೇ ಕರೆಸಿ 20 ಮಂದಿಗೆ ಆ ಕಸುಬು ಕಲಿಸಲು ಏರ್ಪಾಡು ಮಾಡಿದರು. ಇವತ್ತು ಅಮೆರಿಕದ ಉಗುರು ಸಲೂನುಗಳಲ್ಲಿ ಕೆಲಸ ಮಾಡುವವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿ ವಿಯೆಟ್ನಾಮೀ ಮೂಲದವರು.

ಕಸುಬು ಕಲಿತದ್ದಕ್ಕೂ ಸ್ವಂತ ಸಲೂನು ತೆರೆಯುವುದಕ್ಕೂ ನಡುವೆ ಅಂಗಡಿಯ ಮುಂಗಡ, ನಾಲ್ಕಾರು ಮೇಜು, ಕುರ್ಚಿ, ಪರವಾನಗಿ ಇವುಗಳ ಖರ್ಚು ನಿಂತಿರುತ್ತದೆ. ಹುಯ್ ಇಂಥ ಮೊತ್ತಕ್ಕೆ ಹೇಳಿ ಮಾಡಿಸಿದಂತಿತ್ತು: ಕಾರ್ಖಾನೆ ಕಟ್ಟಲು ಸಾಲದು, ಸಲೂನಿಗೆ ಧಾರಾಳ. ಇಂಥ ಚೀಟಿಗಳು ಹಳ್ಳಿಯಿಂದ ಬ್ಯಾಂಕಿಗೆ ಹೋಗುವ ದಾರಿಯ ನಡುವಿನ ಮೆಟ್ಟಿಲು, ಬ್ಯಾಂಕು ಬಂದ ಮೇಲೆ ಮಾಯವಾಗುತ್ತವೆ ಎಂಬ ವಾದವೊಂದು 1960ರ ದಶಕದಲ್ಲಿ ಮಾನವಶಾಸ್ತ್ರದಲ್ಲಿತ್ತು. ಕ್ಯಾಲಿಫೋರ್ನಿಯಾದ ವೆಸ್ಟ್‌ಮಿನ್‌ಸ್ಟರ್ ಪಟ್ಟಣದ ಬೋಲ್ಸಾ ಅವೆನ್ಯೂ ಸುತ್ತ ಬೆಳೆದ ಲಿಟಲ್ ಸೈಗಾನ್‌ನಲ್ಲಿ ಬ್ಯಾಂಕುಗಳಿಗೆ ಬರವಿಲ್ಲ. ಹುಯ್ ಅಲ್ಲಿಯೂ ನಡೆಯಿತು.

ಇದನ್ನೆಲ್ಲ ಹೇಳುವಾಗ ‘ಪರಸ್ಪರ ನಂಬಿಕೆ’ ಎಂದು ಕೊಂಡಾಡುವುದು ವಾಡಿಕೆ. ನನಗೆ ಆ ಮಾತು ಪೂರ್ತಿ ಒಪ್ಪಿಗೆಯಾಗುವುದಿಲ್ಲ. ಸದಸ್ಯರು ಒಬ್ಬರನ್ನೊಬ್ಬರು ಅಷ್ಟೇನೂ ನಂಬಬೇಕಾಗಿಲ್ಲ, ಕೆಲವೊಮ್ಮೆ ಅವರಿಗೆ ಪರಸ್ಪರ ಪರಿಚಯವೂ ಇರುವುದಿಲ್ಲ. ನಂಬುವುದು ಚೀಟಿ ನಡೆಸುವಾಕೆಯನ್ನು. ಯಾರಾದರೂ ಕಂತು ತಪ್ಪಿಸಿದರೆ ಅವಳೇ ಕೈಯಿಂದ ತುಂಬಬೇಕು, ಆ ಅರ್ಧ ಕಂತಿನ ಕಮಿಷನ್ ಬರುವುದು ಈ ಹೊಣೆಗೇ. ಆದ್ದರಿಂದ ಅವಳು ಬ್ಯಾಂಕಿನ ಮ್ಯಾನೇಜರಿಗಿಂತ ಬಿಗಿ. ಯಾರ ಗಂಡ ಜೂಜಾಡುತ್ತಾನೆ, ಯಾರ ಅಂಗಡಿಯ ಬಾಡಿಗೆ ಬಾಕಿ ಇದೆ, ಯಾರ ಅಕ್ಕ ಇದೇ ಬೀದಿಯಲ್ಲಿದ್ದಾಳೆ ಎಂಬುದೆಲ್ಲ ಅವಳಿಗೆ ಗೊತ್ತಿರಬೇಕು. ಹೊಸಬರನ್ನು ಮೊದಲು ಸಣ್ಣ ಚೀಟಿಗೆ ಸೇರಿಸಿ ನೋಡುತ್ತಾಳೆ. ಮೊದಲ ತಿಂಗಳಲ್ಲೇ ಯಾರಾದರೂ ವಿಪರೀತ ಮೊತ್ತ ಬರೆದರೆ ಅವಳ ಕಿವಿ ನೆಟ್ಟಗಾಗುತ್ತದೆ, ಏಕೆಂದರೆ ಹಣ ಎತ್ತಿ ಓಡಿಹೋಗುವವರಿಗೆ ಎಷ್ಟು ಬರೆದರೂ ನಷ್ಟವಿಲ್ಲ. ಅಂಥವರಿಗೆ ವಿಯೆಟ್ನಾಮೀಯರು ಹುಯ್ ಕಿತ್ತುಕೊಂಡವರು ಎನ್ನುತ್ತಾರೆ.

ಭಾಷೆ ಬಾರದ ದೇಶದಲ್ಲಿ ಕೆಲಸ, ಮನೆ, ಮದುವೆಯ ಸಂಬಂಧ ಎಲ್ಲವೂ ನಾಲ್ಕು ಬೀದಿಗಳೊಳಗೇ ಸಿಗಬೇಕಾದಾಗ ಆ ಬೀದಿಗಳಲ್ಲಿ ಹೆಸರು ಕೆಡಿಸಿಕೊಳ್ಳುವುದು ಬಹಳ ದುಬಾರಿ. ಓಡಿಹೋಗಲು ಬೇರೆ ಊರಿಲ್ಲ ಎಂಬುದೇ ಹುಯ್‌ನ ನಿಜವಾದ ಅಡಮಾನ. ಮುಂದಿನ ಪೀಳಿಗೆ ಓದಿ, ಇಂಗ್ಲಿಷ್ ಕಲಿತು, ದೇಶದ ಇನ್ನೊಂದು ಮೂಲೆಯಲ್ಲಿ ಕೆಲಸ ಹಿಡಿಯುವಂತಾದಾಗ ಈ ಅಡಮಾನದ ಬೆಲೆ ತಾನಾಗಿ ಇಳಿಯುತ್ತದೆ.

ಎಲ್ಲ ವಲಸಿಗರ ಬಂಡವಾಳವೂ ಇಲ್ಲಿಂದ ಬಂದದ್ದಲ್ಲ. ಶ್ರೀರಾಚಾ ಮೆಣಸಿನ ಸಾಸ್‌ಗೆ ಹೆಸರಾದ ಡೇವಿಡ್ ಟ್ರಾನ್ ಅವರ ಕುಟುಂಬ ತನ್ನ ಉಳಿತಾಯವನ್ನು ಚಿನ್ನದ ರೂಪದಲ್ಲಿ ಹೊರಗೆ ತಂದಿತ್ತು. 1978ರ ಡಿಸೆಂಬರಿನಲ್ಲಿ ಮೂರು ಸಾವಿರಕ್ಕೂ ಹೆಚ್ಚು ನಿರಾಶ್ರಿತರನ್ನು ತುಂಬಿಕೊಂಡು ಹಾಂಕಾಂಗ್ ತಲುಪಿದ ಸರಕು ಹಡಗಿನಲ್ಲಿ ಟ್ರಾನ್ ಇದ್ದರು. 1980ರಲ್ಲಿ ಲಾಸ್ ಏಂಜಲೀಸ್‌ನ ಚೈನಾಟೌನ್‌ನಲ್ಲಿ ಸಾಸ್ ತಯಾರಿಕೆ ಆರಂಭಿಸಿದಾಗ ಆ ಹಡಗಿನ ಹೆಸರನ್ನೇ ಕಂಪನಿಗೆ ಇಟ್ಟರು: ಹುಯ್ ಫೋಂಗ್. (ಈ ಹುಯ್‌ಗೂ ಚೀಟಿಗೂ ಸಂಬಂಧವಿಲ್ಲ.) ನೀಲಿ ವ್ಯಾನಿನಲ್ಲಿ ತಾವೇ ಹೋಗಿ ಹೋಟೆಲುಗಳಿಗೆ ಹಾಕುತ್ತಿದ್ದ ಆ ಸಾಸ್ ಜಾಹೀರಾತಿಲ್ಲದೆ ದೇಶವೆಲ್ಲ ಹರಡಿತು.

ಟ್ರಾನ್ ಅವರ ಕಥೆಯಿಂದ ವ್ಯಾಪಾರದ ಪಾಠ ಹೇಳುವವರು ಸಾಮಾನ್ಯವಾಗಿ ಇಲ್ಲಿಗೆ ನಿಲ್ಲಿಸಿಬಿಡುತ್ತಾರೆ. ಅದರ ಎರಡನೆಯ ಭಾಗ ಹೆಚ್ಚು ಉಪಯುಕ್ತ. ಅವರಿಗೆ 1988ರಿಂದ ಮೆಣಸಿನಕಾಯಿ ಒದಗಿಸುತ್ತಿದ್ದದ್ದು ಅಂಡರ್‌ವುಡ್ ರಾಂಚಸ್ ಎಂಬ ಕೃಷಿ ಸಂಸ್ಥೆ. ಸಾಸ್ ಬೆಳೆದಂತೆ ಹೊಲವೂ ಬೆಳೆಯಿತು. ಸುಮಾರು 28 ವರ್ಷಗಳ ಈ ನಂಟು 2016ರ ಕೊನೆಯಲ್ಲಿ ಹಣದ ತಕರಾರಿನಿಂದ ಮುರಿಯಿತು. 2019ರಲ್ಲಿ ನ್ಯಾಯಾಲಯದ ಜ್ಯೂರಿ ರೈತರಿಗೆ 2.33 ಕೋಟಿ ಡಾಲರ್ ಪರಿಹಾರ ಕೊಡಿಸಿತು. ಬಳಿಕ ಕಾಯಿಗಾಗಿ ಬೇರೆಡೆ ಹೋದ ಕಂಪನಿ ಅಲ್ಲಿ ಬೆಳೆ ಕೈಕೊಟ್ಟಾಗ 2022ರಲ್ಲಿ ಕೆಲಕಾಲ ತಯಾರಿಕೆಯನ್ನೇ ನಿಲ್ಲಿಸಬೇಕಾಯಿತು. ಇಬ್ಬರ ನಡುವಿನ ಮಾತು ಕೆಟ್ಟಾಗ ನಷ್ಟ ತುಂಬಿಕೊಡುವ ಮೂರನೆಯವರು ಅಲ್ಲಿರಲಿಲ್ಲ. ಚೀಟಿಯಲ್ಲಿ ಇರುತ್ತಾರೆ, ಅವರೇ ಮುಳುಗದಿದ್ದರೆ.

ಅವರೂ ಮುಳುಗುವುದುಂಟು. ಒಬ್ಬಾಕೆಯೇ ಐದಾರು ಹುಯ್ ನಡೆಸುತ್ತ ಒಂದರ ಹಣದಿಂದ ಇನ್ನೊಂದರ ತೂತು ಮುಚ್ಚತೊಡಗಿದರೆ, ಮೊದಲನೆಯದು ಕುಸಿದ ದಿನ ಎಲ್ಲವೂ ಕುಸಿಯುತ್ತವೆ. ಹೀಗೆ ಹುಯ್ ಒಡೆದ ಸುದ್ದಿ ವಿಯೆಟ್ನಾಮಿನ ಪತ್ರಿಕೆಗಳಿಗೆ ಹೊಸದಲ್ಲ. ಅಲ್ಲಿನ ಸರ್ಕಾರ ಅದನ್ನು ನಿಷೇಧಿಸಲು ಹೋಗಿಲ್ಲ. 2015ರ ನಾಗರಿಕ ಸಂಹಿತೆಯಲ್ಲಿ ಅದಕ್ಕೆ ಮಾನ್ಯತೆಯಿದೆ, 2019ರ ಆದೇಶವೊಂದು ನಿಯಮಗಳನ್ನು ಹಾಕಿದೆ: ಒಪ್ಪಂದ ಬರವಣಿಗೆಯಲ್ಲಿರಬೇಕು, ಲೆಕ್ಕದ ಪುಸ್ತಕ ಇರಬೇಕು, ಬಡ್ಡಿ ವರ್ಷಕ್ಕೆ ಶೇ 20 ಮೀರಬಾರದು. ಒಂದು ಸರದಿಯ ಮೊತ್ತ 10 ಕೋಟಿ ಡಾಂಗ್ ಮುಟ್ಟಿದರೆ, ಇಲ್ಲವೇ ಒಬ್ಬರೇ ಎರಡು ಅಥವಾ ಹೆಚ್ಚು ಹುಯ್ ನಡೆಸಿದರೆ, ಸ್ಥಳೀಯ ಆಡಳಿತಕ್ಕೆ ಲಿಖಿತವಾಗಿ ತಿಳಿಸಬೇಕು. ನಮ್ಮ 1982ರ ಚೀಟಿ ನಿಧಿ ಕಾಯ್ದೆ ಇದಕ್ಕಿಂತ ಕಟ್ಟುನಿಟ್ಟು. ಚೀಟಿ ಆರಂಭಿಸುವ ಮೊದಲೇ ಸರ್ಕಾರದ ಅನುಮತಿ ಮತ್ತು ನೋಂದಣಿ ಬೇಕು, ನಡೆಸುವವರ ಕಮಿಷನ್ 2019ರ ತಿದ್ದುಪಡಿಯ ನಂತರವೂ ಶೇ 7ರ ಒಳಗಿರಬೇಕು.